ಸಂಕ್ರಾಂತಿ ಕಳೆದರೂ ಬೆಳಗಾಗುವುದೇಕೆ ತಡ? ಗಡಿಯಾರದ ಸಮಯ ಮತ್ತು ಸೂರ್ಯನ ಸಮಯ

ಮಕರ ಸಂಕ್ರಾಂತಿಯಿಂದ ಹಗಲು ಬೆಳೆಯುತ್ತದೆ ಎಂದು ನಾವೆಲ್ಲ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಆದರೆ ಜನವರಿಯ ಮೂರನೆಯ ವಾರದಲ್ಲಿ ಮಗುವನ್ನು ಶಾಲೆಯ ಬಸ್ಸಿಗೆ ಹತ್ತಿಸಲು ಬೀದಿಗಿಳಿಯುವ ತಂದೆತಾಯಿಗಳಿಗೆ ಕಾಣುವುದು ಇದಕ್ಕೆ ತದ್ವಿರುದ್ಧ: ಡಿಸೆಂಬರ್‌ನಲ್ಲಿ ಇದ್ದುದಕ್ಕಿಂತಲೂ ಬೆಳಗಿನ ಕತ್ತಲೆ ಹೆಚ್ಚಾಗಿರುತ್ತದೆ. ಇದು ಚಳಿಗೆ ಹುಟ್ಟಿದ ಭ್ರಮೆಯಲ್ಲ. ವರ್ಷದ ಅತಿ ಚಿಕ್ಕ ಹಗಲಾದ ಡಿಸೆಂಬರ್ 21ರಂದು ಬೆಂಗಳೂರಿನಲ್ಲಿ ಸೂರ್ಯ ಸುಮಾರು 6.36ಕ್ಕೆ ಹುಟ್ಟಿದರೆ, ಒಂದು ತಿಂಗಳ ಬಳಿಕ ಜನವರಿ 21ರಂದು ಸುಮಾರು 6.46ಕ್ಕೆ ಹುಟ್ಟುತ್ತಾನೆ. ಅದೇ ದಿನ ಕಾರವಾರದಲ್ಲಿ ಸೂರ್ಯ ಹುಟ್ಟುವಷ್ಟರಲ್ಲಿ ಏಳು ಗಂಟೆ ದಾಟಿರುತ್ತದೆ.

ಇದಕ್ಕೆ ಕಾರಣ ಹುಡುಕಲು ಹೊರಟರೆ ಎರಡು ಬೇರೆ ಬೇರೆ ಸಂಗತಿಗಳನ್ನು ಬಿಡಿಸಿ ನೋಡಬೇಕಾಗುತ್ತದೆ. ಒಂದು, ಸೂರ್ಯನ ನಡೆ. ಅದು ಖಗೋಳದ ವಿಚಾರ. ಇನ್ನೊಂದು, ನಮ್ಮ ಗೋಡೆಯ ಗಡಿಯಾರ; ಅದು ಮನುಷ್ಯರು ಕೂಡಿ ಮಾಡಿಕೊಂಡ ಒಪ್ಪಂದ. ಈ ಒಪ್ಪಂದಕ್ಕೆ ಕಾನೂನಿನ ಬಲ ಕೊಡುವ ಕರಡು ನಿಯಮಗಳನ್ನು ಕೇಂದ್ರ ಸರ್ಕಾರ 2025ರ ಜನವರಿಯಲ್ಲಿ ಪ್ರಕಟಿಸಿದ ಮೇಲೆ, ‘ಭಾರತೀಯ ಕಾಲಮಾನ’ ಎಂದರೇನು, ಅದನ್ನು ಯಾರು ನಿಶ್ಚಯಿಸುತ್ತಾರೆ ಎಂಬ ಪ್ರಶ್ನೆ ಸಾಮಾನ್ಯ ಓದುಗರಲ್ಲೂ ಮೂಡಿದೆ. ಮೊದಲು ಸೂರ್ಯನಿಂದಲೇ ಆರಂಭಿಸೋಣ.

ನೆತ್ತಿಯ ಮೇಲಿನ ಸೂರ್ಯನಿಗೆ ಹನ್ನೆರಡರ ಹಂಗಿಲ್ಲ

ಒಂದು ಊರಿನಲ್ಲಿ ಸೂರ್ಯ ಆ ದಿನದ ಮಟ್ಟಿಗೆ ಅತಿ ಎತ್ತರಕ್ಕೆ ಏರಿದ ಕ್ಷಣವೇ ಆ ಊರಿನ ನಿಜವಾದ ನಡುಹಗಲು. ಭೂಮಿಗೆ ಒಂದು ಸುತ್ತು, ಅಂದರೆ 360 ಡಿಗ್ರಿ, ತಿರುಗಿ ಸೂರ್ಯನನ್ನು ಮತ್ತೆ ಅದೇ ಜಾಗದಲ್ಲಿ ಕಾಣಲು ಸುಮಾರು 24 ಗಂಟೆ ಬೇಕು. ಹಾಗಾಗಿ ಒಂದು ಗಂಟೆಗೆ 15 ಡಿಗ್ರಿ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಎರಡು ಊರುಗಳ ರೇಖಾಂಶದಲ್ಲಿ, ಅಂದರೆ ಪೂರ್ವ-ಪಶ್ಚಿಮದ ಅಳತೆಯಲ್ಲಿ, ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಪೂರ್ವದ ಊರಿನಲ್ಲಿ ನಡುಹಗಲು ನಾಲ್ಕು ನಿಮಿಷ ಮೊದಲೇ ಆಗುತ್ತದೆ. ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಮುಂದಿನ ಲೆಕ್ಕವೆಲ್ಲ ಸಲೀಸು.

ಭಾರತದ ಗಡಿಯಾರಗಳೆಲ್ಲ ಹೊಂದಿಕೊಂಡಿರುವುದು ಪೂರ್ವ ರೇಖಾಂಶ 82.5 ಡಿಗ್ರಿಗೆ. ಈ ಕಾಲ್ಪನಿಕ ಗೆರೆ ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದು, ಕೆಳಗೆ ಆಂಧ್ರದ ಕಾಕಿನಾಡದ ಹತ್ತಿರ ಸಮುದ್ರಕ್ಕೆ ಇಳಿಯುತ್ತದೆ. ಕರ್ನಾಟಕ ಇಡಿಯಾಗಿ ಇದರ ಪಶ್ಚಿಮಕ್ಕಿದೆ. ಬೆಂಗಳೂರು 77.6 ಡಿಗ್ರಿಯಲ್ಲಿರುವುದರಿಂದ ಅಲ್ಲಿನ ಸೂರ್ಯ ಗಡಿಯಾರಕ್ಕಿಂತ ಸರಾಸರಿ 20 ನಿಮಿಷ ಹಿಂದೆ. ಮಂಗಳೂರಿನಲ್ಲಿ ಸುಮಾರು 31 ನಿಮಿಷ, ಕಾರವಾರದಲ್ಲಿ 33 ನಿಮಿಷಕ್ಕೂ ಹೆಚ್ಚು. ನಮ್ಮ ರಾಜ್ಯದೊಳಗೇ ಮುಳಬಾಗಿಲಿನ ಸೂರ್ಯನಿಗೂ ಕಾರವಾರದ ಸೂರ್ಯನಿಗೂ ಹದಿನೇಳು ನಿಮಿಷಗಳ ಅಂತರವಿದೆ.

ಇದನ್ನು ಕಣ್ಣಾರೆ ಕಾಣಲು ಒಳ್ಳೆಯ ಅವಕಾಶವೆಂದರೆ ‘ಶೂನ್ಯ ನೆರಳಿನ ದಿನ’. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ವರ್ಷಕ್ಕೆ ಎರಡು ಬಾರಿ, ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು, ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಶಾಲೆಯ ಅಂಗಳದಲ್ಲಿ ಕೋಲು, ಸ್ಟೀಲ್ ಲೋಟ, ನೀರಿನ ಬಾಟಲಿಗಳನ್ನು ನಿಲ್ಲಿಸಿಕೊಂಡು ಕಾಯುವ ಮಕ್ಕಳು ಗಮನಿಸಬೇಕಾದದ್ದು ಗಡಿಯಾರವನ್ನು: ಏಪ್ರಿಲ್‌ನಲ್ಲಿ ನೆರಳು ಮಾಯವಾಗುವುದು 12 ಗಂಟೆಗಲ್ಲ, 12.17ರ ಆಸುಪಾಸಿನಲ್ಲಿ, ಆಗಸ್ಟ್‌ನಲ್ಲಿ 12.23ರ ಆಸುಪಾಸಿನಲ್ಲಿ. ಒಂದೇ ಊರಿನಲ್ಲಿ ಈ ಎರಡು ಸಮಯಗಳೂ ಬೇರೆಯಾಗಿರುವುದೇಕೆ ಎಂಬುದಕ್ಕೆ ಉತ್ತರ ಸ್ವಲ್ಪ ಮುಂದೆ ಬರುತ್ತದೆ.

ಗಳಿಗೆ ಬಟ್ಟಲಿನಿಂದ ದೇಶಾಂತರದವರೆಗೆ

ಗಡಿಯಾರ ಮನೆಮನೆಗೆ ಬರುವ ಮೊದಲು ಪ್ರತಿ ಊರಿಗೂ ಅದರದೇ ಸಮಯವಿತ್ತು, ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಕೋಳಿ ಕೂಗುವ ಹೊತ್ತು, ಹೊತ್ತು ಮಾರುದ್ದ ಏರಿದಾಗ, ದನ ಹಟ್ಟಿಗೆ ಮರಳುವಾಗ, ದೀಪ ಹಚ್ಚುವ ವೇಳೆ ಎನ್ನುವುದು ಹೊಲಮನೆಯ ಕೆಲಸಕ್ಕೆ ಸಾಕಾಗುತ್ತಿತ್ತು. ಇನ್ನೂ ನಿಖರವಾಗಿ ಬೇಕಾದಾಗ, ಮುಖ್ಯವಾಗಿ ಮದುವೆಯ ಮುಹೂರ್ತಕ್ಕೆ, ಗಳಿಗೆ ಬಟ್ಟಲನ್ನು ಇಡುತ್ತಿದ್ದರು. ತಳದಲ್ಲಿ ಸಣ್ಣ ರಂಧ್ರವಿರುವ ಲೋಹದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ, ರಂಧ್ರದಿಂದ ನೀರು ಏರಿ ಏರಿ ಒಂದು ಗಳಿಗೆಯಲ್ಲಿ ಅದು ಮುಳುಗುತ್ತದೆ. ಹಗಲಿರುಳು ಕೂಡಿ 60 ಗಳಿಗೆ; ಒಂದು ಗಳಿಗೆಗೆ ಇಂದಿನ 24 ನಿಮಿಷ; ಅದರ ಅರವತ್ತನೆಯ ಒಂದು ಭಾಗ ವಿಗಳಿಗೆ, 24 ಸೆಕೆಂಡು. ಪಂಚಾಂಗದ ದಿನ ನಡುರಾತ್ರಿಗೆ ಬದಲಾಗದೆ ಸೂರ್ಯೋದಯಕ್ಕೆ ಬದಲಾಗುತ್ತಿತ್ತು, ಇಂದಿಗೂ ಹಾಗೆಯೇ.

ಹಾಗೆಂದು ಊರಿಂದೂರಿಗೆ ಸಮಯ ಬದಲಾಗುತ್ತದೆಂಬ ಅರಿವು ಹಿಂದಿನವರಿಗೆ ಇರಲಿಲ್ಲವೆಂದಲ್ಲ. ಪ್ರಾಚೀನ ಭಾರತದ ಜ್ಯೋತಿರ್ಗಣಿತಜ್ಞರು ಉಜ್ಜಯಿನಿಯ ಮೇಲೆ ಹಾದುಹೋಗುವ ಗೆರೆಯನ್ನು ಮೂಲರೇಖೆಯಾಗಿ ಇಟ್ಟುಕೊಂಡು, ಬೇರೆ ಊರುಗಳಿಗೆ ‘ದೇಶಾಂತರ’ ಎಂಬ ತಿದ್ದುಪಡಿಯನ್ನು ಕೂಡಿಸುತ್ತಲೋ ಕಳೆಯುತ್ತಲೋ ಇದ್ದರು. ಉಜ್ಜಯಿನಿ ಇರುವುದು ಸುಮಾರು 75.8 ಡಿಗ್ರಿಯಲ್ಲಿ. ಭೂಪಟದಲ್ಲಿ ಅಲ್ಲಿಂದ ನೇರವಾಗಿ ದಕ್ಷಿಣಕ್ಕೆ ಬೆರಳಾಡಿಸಿದರೆ ಅದು ಚಿಕ್ಕಮಗಳೂರಿಗೆ ಬಂದು ತಲುಪುತ್ತದೆ. ಆ ಮೂಲರೇಖೆ ಇಂದಿಗೂ ಬಳಕೆಯಲ್ಲಿದ್ದಿದ್ದರೆ ಚಿಕ್ಕಮಗಳೂರಿನವರ ಗಡಿಯಾರಕ್ಕೂ ಸೂರ್ಯನಿಗೂ ಎಷ್ಟೋ ಚೆನ್ನಾಗಿ ಹೊಂದಿಕೆಯಾಗುತ್ತಿತ್ತು.

ರೈಲು ಬಂದಾಗ ಸಮಯ ಏಕೆ ಒಂದಾಗಬೇಕಾಯಿತು

ಎತ್ತಿನ ಗಾಡಿಯಲ್ಲಿ ಹೋಗುವವನಿಗೆ ಎರಡು ಊರುಗಳ ನಡುವಿನ ಹತ್ತು ನಿಮಿಷದ ವ್ಯತ್ಯಾಸ ಗೊತ್ತಾಗುವ ಸಂದರ್ಭವೇ ಇರಲಿಲ್ಲ. 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿ ಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕ ರೈಲು ಓಡಿದ ಮೇಲೆ ಪರಿಸ್ಥಿತಿ ಬದಲಾಯಿತು. ಒಂದೇ ಹಳಿಯ ಮೇಲೆ ಎದುರುಬದುರು ಬರುವ ಎರಡು ರೈಲುಗಳು ಯಾವ ನಿಲ್ದಾಣದಲ್ಲಿ ಒಂದಕ್ಕೊಂದು ದಾರಿ ಬಿಡಬೇಕೆಂಬುದು ವೇಳಾಪಟ್ಟಿಯ ಮೇಲೆ ನಿಂತಿತ್ತು. ಆ ಎರಡು ನಿಲ್ದಾಣಗಳ ಗಡಿಯಾರಗಳು ಬೇರೆ ಬೇರೆ ಸಮಯ ತೋರಿಸಿದರೆ ಅದು ಬರೀ ಗೊಂದಲವಾಗದೆ ಜೀವಕ್ಕೆ ಸಂಚಕಾರವಾಗುತ್ತಿತ್ತು. ಬ್ರಿಟನ್ನಿನ ಬಹುಪಾಲು ರೈಲು ಕಂಪನಿಗಳು 1847ರಿಂದಲೇ ಗ್ರೀನಿಚ್ ಸಮಯಕ್ಕೆ ಹೊಂದಿಕೊಂಡಿದ್ದವು; ಅಮೆರಿಕದ ರೈಲ್ವೆಗಳು 1883ರ ನವೆಂಬರ್ 18ರಂದು ತಮ್ಮ ವಲಯ ಸಮಯಗಳನ್ನು ಜಾರಿಗೆ ತಂದವು.

ಭಾರತದಲ್ಲಿ ಮುಂಬಯಿ, ಕಲ್ಕತ್ತ, ಮದ್ರಾಸುಗಳಿಗೆ ತಮ್ಮತಮ್ಮ ಸಮಯವಿತ್ತು. ಗ್ರೀನಿಚ್‌ಗಿಂತ ಮುಂಬಯಿ 4 ಗಂಟೆ 51 ನಿಮಿಷ, ಮದ್ರಾಸು 5 ಗಂಟೆ 21 ನಿಮಿಷ, ಕಲ್ಕತ್ತ 5 ಗಂಟೆ 53 ನಿಮಿಷ ಮುಂದಿದ್ದವು. ಮದ್ರಾಸಿನ ಸಮಯವನ್ನು 1802ರಲ್ಲಿ ಗುರುತಿಸಿಕೊಟ್ಟವನು ಈಸ್ಟ್ ಇಂಡಿಯಾ ಕಂಪನಿಯ ಖಗೋಳಜ್ಞ ಜಾನ್ ಗೋಲ್ಡಿಂಗ್‌ಹ್ಯಾಮ್. 1792ರಲ್ಲಿ ಕಟ್ಟಿದ ಅಲ್ಲಿನ ವೀಕ್ಷಣಾಲಯ ನಕ್ಷತ್ರಗಳನ್ನು ನೋಡಿ ಗಡಿಯಾರವನ್ನು ತಿದ್ದುತ್ತಿತ್ತು, ತಂತಿಯ ಮೂಲಕ ಆ ಸಮಯ ದೂರದೂರದ ನಿಲ್ದಾಣಗಳಿಗೆ ತಲುಪುತ್ತಿತ್ತು. ಮುಂಬಯಿಗೂ ಕಲ್ಕತ್ತಕ್ಕೂ ಹೆಚ್ಚುಕಡಿಮೆ ನಡುವೆ ಬೀಳುತ್ತಿದ್ದುದರಿಂದ ಮದ್ರಾಸ್ ಸಮಯವೇ ರೈಲ್ವೆಯ ಸಮಯವಾಯಿತು. 1864ರಲ್ಲಿ ಬೆಂಗಳೂರಿಗೆ ರೈಲು ಬಂದಾಗ ಅದರ ಜೊತೆಗೆ ಬಂದ ವೇಳೆ ಬೆಂಗಳೂರಿನ ಸೂರ್ಯನಿಗಿಂತ ಹತ್ತು ಹನ್ನೊಂದು ನಿಮಿಷ ಮುಂದಿನದಾಗಿತ್ತು.

ಅಂತರರಾಷ್ಟ್ರೀಯ ಮಟ್ಟದಲ್ಲಿ 1884ರ ವಾಷಿಂಗ್ಟನ್ ಸಮ್ಮೇಳನ ಗ್ರೀನಿಚ್‌ನ ಗೆರೆಯನ್ನು ಸೊನ್ನೆ ರೇಖಾಂಶವೆಂದು ಒಪ್ಪಿತು. ಭಾರತದಲ್ಲಿ 1906ರ ಜನವರಿ 1ರಿಂದ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿನ ಸಮಯ ಜಾರಿಗೆ ಬಂತು. ‘ಐದೂ ಅಲ್ಲ, ಆರೂ ಅಲ್ಲ, ಈ ಅರ್ಧ ಗಂಟೆ ಏಕೆ’ ಎಂದು ವಿದೇಶದಲ್ಲಿರುವ ಬಂಧುಗಳಿಗೆ ಫೋನ್ ಮಾಡುವಾಗ ಲೆಕ್ಕ ತಪ್ಪಿದವರೆಲ್ಲ ಕೇಳಿಕೊಂಡಿರುತ್ತಾರೆ. ಭಾರತ ಸುಮಾರು 68ರಿಂದ 97 ಡಿಗ್ರಿಯವರೆಗೆ ಹರಡಿದೆ. ಅದರ ನಡುಭಾಗ 82.5ರ ಹತ್ತಿರ ಬೀಳುತ್ತದೆ. ಅದನ್ನು 15ರಿಂದ ಭಾಗಿಸಿದರೆ ಬರುವುದು ಐದೂವರೆ.

ಮೂವತ್ತೊಂಬತ್ತು ನಿಮಿಷಕ್ಕೆ ಒಂದು ಜಗಳ

ಹೊಸ ಸಮಯವನ್ನು ಜನ ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಮುಂಬಯಿಯವರು ತಮ್ಮ ಗಡಿಯಾರವನ್ನು 39 ನಿಮಿಷ ಮುಂದಕ್ಕೆ ತಿರುಗಿಸಬೇಕಿತ್ತು. ಬಟ್ಟೆ ಗಿರಣಿಯ ಕಾರ್ಮಿಕರ ಮಟ್ಟಿಗೆ ಇದರ ಅರ್ಥ, ನಿನ್ನೆಗಿಂತ 39 ನಿಮಿಷ ಮೊದಲೇ, ಇನ್ನೂ ಬೆಳಕು ಹರಿಯುವ ಮುನ್ನ, ಗಿರಣಿಯ ಬಾಗಿಲಲ್ಲಿ ನಿಲ್ಲಬೇಕೆಂಬುದು. 1906ರ ಜನವರಿಯಲ್ಲೇ ಅಲ್ಲಿ ಮುಷ್ಕರ ನಡೆಯಿತು. ಬಂಗಾಳ ವಿಭಜನೆಯಿಂದ ದೇಶ ಕುದಿಯುತ್ತಿದ್ದ ಹೊತ್ತು ಅದು. ಸರ್ಕಾರ ಮೇಲಿನಿಂದ ಹೇರಿದ ಸಮಯವನ್ನು ಒಪ್ಪಿಕೊಳ್ಳುವುದೂ ರಾಜಕೀಯದ ಪ್ರಶ್ನೆಯಾಯಿತು. ಮುಂಬಯಿಯ ನಗರಸಭೆ ತನ್ನ ಗಡಿಯಾರಗಳನ್ನು ಹಳೆಯ ಮುಂಬಯಿ ಸಮಯಕ್ಕೇ ಇಟ್ಟುಕೊಂಡಿತು. ರೈಲಿಗೆ ಒಂದು ಸಮಯ, ಊರಿಗೆ ಇನ್ನೊಂದು ಎಂಬ ಈ ಏರ್ಪಾಡು ಸ್ವಾತಂತ್ರ್ಯ ಬಂದ ಮೇಲೂ, 1950ರ ದಶಕದವರೆಗೆ, ಉಳಿದುಕೊಂಡಿತ್ತು. ಕಲ್ಕತ್ತ ತನ್ನ ಸಮಯವನ್ನು ಕೈಬಿಟ್ಟದ್ದು 1948ರಲ್ಲಿ. ಈ ನಡುವೆ ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ, ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ಇಟ್ಟದ್ದೂ ಉಂಟು.

ಈಗ ಸಂಕ್ರಾಂತಿಯ ಕತ್ತಲೆಗೆ ಬರೋಣ

ಕರ್ನಾಟಕದ ಸೂರ್ಯ ಗಡಿಯಾರಕ್ಕಿಂತ ಹಿಂದೆ ಏಕೆ ಎಂಬುದು ಇಷ್ಟರಲ್ಲಿ ಸ್ಪಷ್ಟವಾಯಿತು. ಆದರೆ ಆ ಹಿನ್ನಡೆ ವರ್ಷವಿಡೀ ಒಂದೇ ಸಮನಾಗಿದ್ದರೆ, ಹಗಲು ಬೆಳೆಯತೊಡಗಿದ ಕೂಡಲೇ ಬೆಳಗೂ ಬೇಗ ಆಗಬೇಕಿತ್ತು. ಹಾಗಾಗುವುದಿಲ್ಲ, ಏಕೆಂದರೆ ಒಂದು ನಡುಹಗಲಿನಿಂದ ಮರುದಿನದ ನಡುಹಗಲಿಗೆ ಸರಿಯಾಗಿ 24 ಗಂಟೆ ಇರುವುದಿಲ್ಲ.

ಭೂಮಿ ತನ್ನ ಸುತ್ತ ತಾನು ತಿರುಗಲು ತೆಗೆದುಕೊಳ್ಳುವುದು 23 ಗಂಟೆ 56 ನಿಮಿಷ. ಅಷ್ಟರಲ್ಲಿ ಅದು ಸೂರ್ಯನ ಸುತ್ತಲಿನ ದಾರಿಯಲ್ಲಿ ಸುಮಾರು ಒಂದು ಡಿಗ್ರಿ ಮುಂದೆ ಸರಿದಿರುತ್ತದೆ. ಸೂರ್ಯನನ್ನು ಮತ್ತೆ ಅದೇ ನೇರದಲ್ಲಿ ಕಾಣಲು ಇನ್ನೊಂದು ಡಿಗ್ರಿಯಷ್ಟು ತಿರುಗಬೇಕು. ಆ ಹೆಚ್ಚುವರಿ ನಾಲ್ಕು ನಿಮಿಷ ಸೇರಿ 24 ಗಂಟೆಯಾಗುತ್ತದೆ. ಆದರೆ ಭೂಮಿಯ ದಾರಿ ಪೂರ್ಣ ವೃತ್ತವಲ್ಲ. ಜನವರಿಯ ಮೊದಲ ವಾರದಲ್ಲಿ ಅದು ಸೂರ್ಯನಿಗೆ ಅತಿ ಸಮೀಪವಿದ್ದು ಸೆಕೆಂಡಿಗೆ 30.3 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಜುಲೈಯಲ್ಲಿ ದೂರವಿದ್ದಾಗ ವೇಗ 29.3ಕ್ಕೆ ಇಳಿಯುತ್ತದೆ. ಹೆಚ್ಚು ಓಡಿದ ದಿನ ಹೆಚ್ಚು ತಿರುಗಬೇಕು. ಇದರ ಜೊತೆಗೆ ಭೂಮಿಯ ಅಕ್ಷ 23.4 ಡಿಗ್ರಿ ವಾಲಿರುವುದರಿಂದ, ಆಕಾಶದಲ್ಲಿ ಸೂರ್ಯನ ವಾರ್ಷಿಕ ನಡೆ ಮಾರ್ಚ್, ಸೆಪ್ಟೆಂಬರ್‌ಗಳಲ್ಲಿ ಓರೆಯಾಗಿ ಉತ್ತರಕ್ಕೋ ದಕ್ಷಿಣಕ್ಕೋ ಹಂಚಿಹೋದರೆ, ಜೂನ್, ಡಿಸೆಂಬರ್‌ಗಳಲ್ಲಿ ಪೂರ್ತಿಯಾಗಿ ಪೂರ್ವಕ್ಕೇ ಇರುತ್ತದೆ. ಡಿಸೆಂಬರ್ ಕೊನೆಯಲ್ಲಿ ಈ ಎರಡೂ ಕಾರಣಗಳು ಒಂದೇ ದಿಕ್ಕಿನಲ್ಲಿ ಕೆಲಸ ಮಾಡಿ, ನಡುಹಗಲು ದಿನಕ್ಕೆ ಸುಮಾರು 30 ಸೆಕೆಂಡಿನಂತೆ ತಡವಾಗುತ್ತ ಹೋಗುತ್ತದೆ. ಈ ಏರುಪೇರಿನ ಲೆಕ್ಕಕ್ಕೆ ಖಗೋಳಶಾಸ್ತ್ರದಲ್ಲಿ ಕಾಲ ಸಮೀಕರಣ ಎಂದು ಹೆಸರು. ಇದರಿಂದಾಗಿಯೇ ಬೆಂಗಳೂರಿನ ನಡುಹಗಲು ನವೆಂಬರ್ ಮೊದಲ ವಾರದಲ್ಲಿ 12.03ಕ್ಕೂ ಫೆಬ್ರವರಿ ನಡುವಿನಲ್ಲಿ 12.34ಕ್ಕೂ ಆಗುತ್ತದೆ. ಎರಡು ಶೂನ್ಯ ನೆರಳಿನ ದಿನಗಳ ನಡುವಿನ ಆರೇಳು ನಿಮಿಷದ ವ್ಯತ್ಯಾಸವೂ ಇದರದೇ ಫಲ.

ಲೆಕ್ಕ ಮಾಡಿ ನೋಡೋಣ. ಡಿಸೆಂಬರ್ 21ರಿಂದ ಜನವರಿ 21ರೊಳಗೆ ಬೆಂಗಳೂರಿನ ನಡುಹಗಲು 12.18ರಿಂದ 12.31ಕ್ಕೆ, ಅಂದರೆ 13 ನಿಮಿಷ, ಜಾರುತ್ತದೆ. ಅದೇ ಅವಧಿಯಲ್ಲಿ ಹಗಲು ಬೆಳೆಯುವುದು ಏಳು ನಿಮಿಷದ ಸುಮಾರು ಮಾತ್ರ. ಅದರಲ್ಲಿ ಅರ್ಧ ಬೆಳಗಿಗೆ, ಅರ್ಧ ಸಂಜೆಗೆ. ಬೆಳಗಿನ ಮೂರೂವರೆ ನಿಮಿಷದ ಲಾಭವನ್ನು ಹದಿಮೂರು ನಿಮಿಷದ ಜಾರಿಕೆ ನುಂಗಿಬಿಡುತ್ತದೆ, ಸೂರ್ಯೋದಯ ಸುಮಾರು ಹತ್ತು ನಿಮಿಷ ತಡವಾಗುತ್ತದೆ. ಸಂಜೆಯಾದರೋ ಎರಡೂ ಕೂಡಿಕೊಂಡು ಹದಿನಾರು ಹದಿನೇಳು ನಿಮಿಷ ಬೆಳೆದಿರುತ್ತದೆ. ಬೆಳೆದ ಹಗಲನ್ನು ಕಾಣಬೇಕಾದದ್ದು ಬಸ್ಸಿನ ಹೊತ್ತಿನಲ್ಲಲ್ಲ, ಮಕ್ಕಳು ಆಟ ಮುಗಿಸಿ ಮನೆಗೆ ಬರುವ ಹೊತ್ತಿನಲ್ಲಿ. ದೆಹಲಿಯಂತಹ ಉತ್ತರದ ಊರುಗಳಲ್ಲಿ ಹಗಲಿನ ಉದ್ದ ಹೆಚ್ಚು ಬೇಗ ಬದಲಾಗುವುದರಿಂದ, ಅಲ್ಲಿ ಬೆಳಗು ಬೇಗವಾಗತೊಡಗುವುದೂ ನಮಗಿಂತ ಮುಂಚೆ.

ಇನ್ನೊಂದು ಮಾತು: ಹಗಲು ಬೆಳೆಯಲು ಶುರುವಾಗುವುದು ಡಿಸೆಂಬರ್ 22ರಿಂದಲೇ ಹೊರತು ಸಂಕ್ರಾಂತಿಯಿಂದಲ್ಲ. ನಮ್ಮ ಸಂಕ್ರಾಂತಿ ನಕ್ಷತ್ರಗಳ ನಡುವೆ ಸೂರ್ಯನ ಸ್ಥಾನವನ್ನು ನೋಡಿ ನಿರ್ಧರಿಸುವ ಹಬ್ಬ. ಭೂಮಿಯ ಅಕ್ಷ ಬಹು ನಿಧಾನವಾಗಿ ದಿಕ್ಕು ಬದಲಿಸುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಅದು ಋತುವಿನಿಂದ ದೂರ ಸರಿದಿದೆ.

ಗೋಡೆ ಕ್ಯಾಲೆಂಡರಿನ ರಾಹುಕಾಲಕ್ಕೂ ಇದೇ ಗಣಿತ ಅನ್ವಯಿಸುತ್ತದೆ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಪಾಲು ಮಾಡಿ, ಸೋಮವಾರ ಎರಡನೆಯ ಪಾಲನ್ನು ರಾಹುಕಾಲವೆಂದು ಎಣಿಸುವುದು ಪದ್ಧತಿ. ಕ್ಯಾಲೆಂಡರಿನಲ್ಲಿ ಕಾಣುವ 7.30ರಿಂದ 9.00 ಎಂಬುದು ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಸೂರ್ಯನಿಗೆ ಹೊಂದುವ ಲೆಕ್ಕ. ಪದ್ಧತಿಯ ನಿಯಮದಂತೆಯೇ ಗುಣಿಸಿದರೆ ಜನವರಿ ಕೊನೆಯ ಸೋಮವಾರಗಳಲ್ಲಿ ಬೆಂಗಳೂರಿಗೆ ಅದು ಸುಮಾರು 8.10ರಿಂದ 9.40ರವರೆಗೆ ಬರುತ್ತದೆ. ಏಳೂವರೆಗೆ ಮುಂಚೆ ಹೊರಡಬೇಕೆಂದು ಅವಸರಪಡುವವರು ತಮ್ಮ ನಂಬಿಕೆಯ ಲೆಕ್ಕದಲ್ಲೇ ಇನ್ನೂ ಒಂದು ಲೋಟ ಕಾಫಿಗೆ ಪುರುಸೊತ್ತು ಮಾಡಿಕೊಳ್ಳಬಹುದು.

ಒಂದೇ ಅಳತೆಯ ಅಂಗಿ

ಇಷ್ಟು ಅಗಲದ ದೇಶಕ್ಕೆ ಒಂದೇ ಸಮಯವೆಂದರೆ ಇಡೀ ಶಾಲೆಗೆ ಒಂದೇ ಅಳತೆಯಲ್ಲಿ ಹೊಲಿಸಿದ ಸಮವಸ್ತ್ರದ ಹಾಗೆ: ನಡುವಿನ ಹುಡುಗನಿಗೆ ಸರಿ, ಒಬ್ಬನಿಗೆ ದೊಗಲೆ, ಇನ್ನೊಬ್ಬನಿಗೆ ಬಿಗಿ. ಜೂನ್‌ನಲ್ಲಿ ಗುವಾಹಟಿಯ ಸೂರ್ಯ ಬೆಳಗಿನ ನಾಲ್ಕೂವರೆಗೇ ಹುಟ್ಟಿದರೆ ದ್ವಾರಕೆಯಲ್ಲಿ ಆರು ದಾಟುತ್ತದೆ. ಡಿಸೆಂಬರ್‌ನಲ್ಲಿ ಗುವಾಹಟಿಯಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗಿ, ಕಚೇರಿಗಳಲ್ಲಿ ದೀಪ ಹಾಕಿಕೊಂಡು ಕೆಲಸ ಮಾಡಬೇಕಾಗುತ್ತದೆ. ಅಸ್ಸಾಮಿನ ಚಹಾ ತೋಟಗಳು ಇದಕ್ಕೆ ತಾವೇ ಒಂದು ದಾರಿ ಕಂಡುಕೊಂಡಿವೆ. ‘ಬಾಗಾನ್ ಟೈಮ್’ ಎಂದು ಕರೆಯುವ ತೋಟದ ಗಡಿಯಾರ ದೇಶದ ಗಡಿಯಾರಕ್ಕಿಂತ ಒಂದು ಗಂಟೆ ಮುಂದಿರುತ್ತದೆ.

ಪಶ್ಚಿಮದವರ ತೊಂದರೆ ಇನ್ನೊಂದು ಬಗೆಯದು. ನಮ್ಮ ದೇಹದೊಳಗಿನ ದಿನಚರಿಯನ್ನು ನಡೆಸುವ ಜೈವಿಕ ಗಡಿಯಾರ ಮುಖ್ಯವಾಗಿ ಕಣ್ಣಿಗೆ ಬೀಳುವ ಬೆಳಕನ್ನು ನೋಡಿ ತನ್ನನ್ನು ಸರಿಪಡಿಸಿಕೊಳ್ಳುತ್ತದೆ. ಅದು ಜೀವಕೋಶಗಳ ಮಟ್ಟದಲ್ಲಿ ಹೇಗೆ ನಡೆಯುತ್ತದೆಂದು ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬಾಷ್, ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಪ್ರಶಸ್ತಿ ಬಂತು. ಸಂಜೆ ತಡವಾಗಿ ಕತ್ತಲಾದರೆ ನಿದ್ದೆಯೂ ತಡವಾಗಿ ಬರುತ್ತದೆ, ಆದರೆ ಶಾಲೆಯ ಗಂಟೆ ಬೆಳಗ್ಗೆ ತನ್ನ ಸಮಯಕ್ಕೇ ಹೊಡೆಯುತ್ತದೆ. ಸೂರ್ಯಾಸ್ತ ಒಂದು ಗಂಟೆ ತಡವಾದರೆ ಮಕ್ಕಳ ನಿದ್ದೆ ಸುಮಾರು ಅರ್ಧ ಗಂಟೆ ಕಡಿಮೆಯಾಗುತ್ತದೆ ಎಂದು ಭಾರತದ ಅಂಕಿಅಂಶಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞ ಮೌಲಿಕ್ ಜಗ್ನಾನಿ ಕಂಡುಕೊಂಡಿದ್ದಾರೆ.

ಪರಿಹಾರವಾಗಿ ಎರಡು ಸಲಹೆಗಳು ಚರ್ಚೆಯಲ್ಲಿವೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ತಜ್ಞರು ಸಂಜೆಯ ವಿದ್ಯುತ್ ಉಳಿತಾಯಕ್ಕಾಗಿ ಇಡೀ ದೇಶದ ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ಇಡಬೇಕೆಂದರು. ಹಾಗೆ ಮಾಡಿದರೆ ಕರ್ನಾಟಕದ ಸೂರ್ಯ ಇನ್ನಷ್ಟು ಹಿಂದೆ ಬೀಳುತ್ತಾನೆಂಬುದನ್ನು ಇಲ್ಲಿ ಗಮನಿಸಬೇಕು. ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ವಿಜ್ಞಾನಿಗಳು 2018ರಲ್ಲಿ ಎರಡು ವಲಯಗಳ ಯೋಜನೆ ಮಂಡಿಸಿದರು: ಈಶಾನ್ಯ ರಾಜ್ಯಗಳು ಮತ್ತು ಅಂಡಮಾನ್ ಆರೂವರೆಯ ವಲಯಕ್ಕೆ, ಉಳಿದ ದೇಶ ಐದೂವರೆಯ ವಲಯಕ್ಕೆ. ಅಸ್ಸಾಂ-ಪಶ್ಚಿಮ ಬಂಗಾಳದ ಗಡಿಯಲ್ಲಿ ಭೂಭಾಗ ಕಿರಿದಾಗಿದ್ದು ಸಮಯ ಬದಲಿಸಬೇಕಾದ ರೈಲು ನಿಲ್ದಾಣಗಳು ಕೆಲವೇ ಇರುವುದರಿಂದ ಆ ಗೆರೆಯನ್ನು ಅಲ್ಲಿಗೆ ಸೂಚಿಸಲಾಯಿತು. ಸರ್ಕಾರ ಈ ಯಾವುದನ್ನೂ ಜಾರಿಗೆ ತಂದಿಲ್ಲ.

ಮೊಬೈಲಿಗೆ ಸಮಯ ಹೇಳುವವರು ಯಾರು

ಆಕಾಶವಾಣಿಯ ಸಂಕೇತ ಕೇಳಿ ಕೈಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ ಕಾಲ ಹೋಗಿ, ಈಗ ಮೊಬೈಲ್ ತಾನೇ ಸಮಯ ತಿದ್ದಿಕೊಳ್ಳುತ್ತದೆ. ಭಾರತೀಯ ಕಾಲಮಾನವನ್ನು ಕಾಯುವ ಹೊಣೆ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ್ದು. ಅಲ್ಲಿನ ಪರಮಾಣು ಗಡಿಯಾರಗಳು ಸೂರ್ಯನನ್ನು ನೋಡುವುದೇ ಇಲ್ಲ: ಸೀಸಿಯಂ ಪರಮಾಣುವಿಗೆ ಸಂಬಂಧಿಸಿದ ಒಂದು ನಿರ್ದಿಷ್ಟ ಅಲೆ 9,19,26,31,770 ಬಾರಿ ಕಂಪಿಸುವಷ್ಟು ಅವಧಿಯೇ ಒಂದು ಸೆಕೆಂಡು ಎಂದು 1967ರಲ್ಲಿ ಜಗತ್ತು ಒಪ್ಪಿಕೊಂಡಿದೆ. ಭೂಮಿಯ ತಿರುಗುವಿಕೆ ಅಷ್ಟು ಕಟ್ಟುನಿಟ್ಟಲ್ಲದ ಕಾರಣ, ಎರಡನ್ನೂ ಹೊಂದಿಸಲು 1972ರಿಂದ 27 ಬಾರಿ ಒಂದೊಂದು ಸೆಕೆಂಡನ್ನು ಸೇರಿಸಲಾಗಿದೆ. ಕೊನೆಯದು ಭಾರತದಲ್ಲಿ 2017ರ ಜನವರಿ 1ರ ಬೆಳಗ್ಗೆ ಬಂತು. ಅಂದು 5 ಗಂಟೆ 29 ನಿಮಿಷ 59 ಸೆಕೆಂಡಿನ ಬಳಿಕ ಐದೂವರೆಯಾಗಲು ಗಡಿಯಾರ ಒಂದು ಸೆಕೆಂಡು ಹೆಚ್ಚು ಕಾಯಿತು. ಕಂಪ್ಯೂಟರ್ ಜಾಲಗಳಿಗೆ ಇದು ಕಿರಿಕಿರಿಯೆಂದು 2035ರೊಳಗೆ ಈ ಪದ್ಧತಿಯನ್ನು ಕೈಬಿಡಲು 2022ರಲ್ಲಿ ಅಂತರರಾಷ್ಟ್ರೀಯ ತೀರ್ಮಾನವಾಗಿದೆ.

2025ರ ಕರಡು ನಿಯಮಗಳು ಬಂದದ್ದು ಈ ಹಿನ್ನೆಲೆಯಲ್ಲಿ. ಭಾರತದ ಅನೇಕ ಜಾಲಗಳು ವಿದೇಶಿ ಉಪಗ್ರಹಗಳಿಂದಲೋ ವಿದೇಶಿ ಸರ್ವರ್‌ಗಳಿಂದಲೋ ಸಮಯ ಪಡೆಯುತ್ತಿವೆ. ಬ್ಯಾಂಕಿನ ವರ್ಗಾವಣೆ, ಷೇರು ವ್ಯವಹಾರ, ವಿದ್ಯುತ್ ಜಾಲಗಳಲ್ಲಿ ಯಾವುದು ಮೊದಲು ನಡೆಯಿತು, ಯಾವುದು ನಂತರ ಎಂಬುದನ್ನು ಸೆಕೆಂಡಿನ ಅತಿ ಸಣ್ಣ ಭಾಗದಲ್ಲಿ ಗುರುತಿಸಬೇಕಾಗುತ್ತದೆ. ಮೂಲಗಳು ಬೇರೆ ಬೇರೆಯಾದರೆ ಈ ಅನುಕ್ರಮವೇ ತಪ್ಪಬಹುದು. ಆದ್ದರಿಂದ ಆಡಳಿತ, ವ್ಯಾಪಾರ, ಕಾನೂನಿನ ಕೆಲಸಗಳಿಗೆಲ್ಲ ಭಾರತೀಯ ಕಾಲಮಾನವನ್ನೇ ಕಡ್ಡಾಯ ಮಾಡಿ, ಅದನ್ನು ಅಹಮದಾಬಾದ್, ಬೆಂಗಳೂರು, ಭುವನೇಶ್ವರ, ಫರೀದಾಬಾದ್, ಗುವಾಹಟಿಗಳಲ್ಲಿರುವ ಐದು ಪ್ರಾದೇಶಿಕ ಪ್ರಯೋಗಾಲಯಗಳ ಮೂಲಕ ವಿತರಿಸುವುದು ಯೋಜನೆ. ಖಗೋಳ ವೀಕ್ಷಣೆ, ನೌಕಾಯಾನ, ವೈಜ್ಞಾನಿಕ ಸಂಶೋಧನೆಗಳಿಗೆ ಅನುಮತಿ ಪಡೆದು ಬೇರೆ ಕಾಲಮಾನ ಬಳಸುವ ಅವಕಾಶವನ್ನು ಕರಡಿನಲ್ಲಿ ಇಡಲಾಗಿದೆ. 82.5 ಡಿಗ್ರಿಯ ಗೆರೆಯನ್ನು ಈ ನಿಯಮಗಳು ಮುಟ್ಟುವುದಿಲ್ಲ. ಆದ್ದರಿಂದ ಮನೆಯ ಗಡಿಯಾರವನ್ನಾಗಲಿ ಶಾಲೆ-ಕಚೇರಿಗಳ ವೇಳೆಯನ್ನಾಗಲಿ ಇದಕ್ಕಾಗಿ ಯಾರೂ ಬದಲಿಸಬೇಕಾಗಿಲ್ಲ.